‘ಅಥವಾ’ದ ಕುಸುರಿ

ಅಕ್ಕನ ಮಗಳು ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪದವಿ ಓದುತ್ತಿದ್ದಾಳೆ. ಈಗ ಮೂರನೆಯ ವರ್ಷ. ಮೊನ್ನೆ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಜಗುಲಿಗೆ ಬರುವ ಹೊತ್ತಿಗೆ ಅವಳ ಫೋನು. ಅಲ್ಲಿ ರಾತ್ರಿ. ದನಿಯಲ್ಲಿ ನಿದ್ದೆಗಿಂತ ಸಿಟ್ಟೇ ಜಾಸ್ತಿಯಿತ್ತು.

“ಮಾಮ, ಒಂದು ಫಾರಂ ಕಳಿಸಿದೀನಿ, ನೋಡು. ಮುಂದಿನ ಸೆಮಿಸ್ಟರ್ ಪಿಜಿಯವರ ಮೆಷರ್ ಥಿಯರಿ ಕ್ಲಾಸಿಗೆ ಸೇರ್ಕೊಳ್ಳೋಣ ಅಂದ್ರೆ ಮೂರು ಸಹಿ ಬೇಕಂತೆ. ಓದ್ತೀನಿ ಅನ್ನೋಳಿಗೆ ಯಾಕೆ ಇಷ್ಟೊಂದು ಅಡ್ಡಗಾಲು?”

ನಾನು ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷ ಗಣಿತ ಪಾಠ ಹೇಳಿದವನು. ಫಾರಂ ಎಂದರೆ ನನಗೂ ಅಷ್ಟಕ್ಕಷ್ಟೇ. ಆದರೂ ಕನ್ನಡಕ ಏರಿಸಿ ಓದಿದೆ. ಒಂದೇ ಪುಟ. ಮೇಲೆ ಹೆಸರು, ವರ್ಷ, ಸರಾಸರಿ ಅಂಕ. ನಡುವೆ ಕೋರ್ಸಿನ ಸಂಖ್ಯೆ. ಕೆಳಗೆ ಪಾಠ ಮಾಡುವವರ ಸಹಿ, ಸಲಹೆಗಾರ ಅಧ್ಯಾಪಕರ ಸಹಿ, ಕಚೇರಿಯ ಸಹಿ. ಈ ಕೋರ್ಸನ್ನು ಈಗಿನ ಪದವಿಗೆ ಲೆಕ್ಕ ಹಿಡಿಯಬೇಕೋ ಮುಂದಿನ ಪದವಿಗೆ ಕಾದಿಡಬೇಕೋ ಎಂದು ಕೇಳುವ ಎರಡು ಪುಟ್ಟ ಚೌಕಗಳು. ಜೊತೆಗೆ ಕೋರ್ಸುಗಳ ಪಟ್ಟಿಯಿಂದ ಅವಳು ಕತ್ತರಿಸಿ ಕಳಿಸಿದ್ದ ಒಂದು ಸಾಲು. ಅದರ ತಾತ್ಪರ್ಯ ಇಷ್ಟು: ಈ ಕೋರ್ಸಿಗೆ ಬೇಕಾದ ಪೂರ್ವಸಿದ್ಧತೆ, ಪದವಿ ಮಟ್ಟದ ರಿಯಲ್ ಅನಾಲಿಸಿಸ್, ಅಥವಾ ಬೋಧಕರ ಅನುಮತಿ.

ಎರಡನೆಯ ಸಲ ಓದುವಾಗ ಆ ‘ಅಥವಾ’ದ ಮೇಲೆ ಕಣ್ಣು ನಿಂತಿತು. ಒಳ್ಳೆಯ ಬಡಗಿ ಮಾಡಿದ ಬಾಗಿಲು ನೋಡಿದಾಗ ಆಗುತ್ತದಲ್ಲ, ಆ ಬಗೆಯ ಸಂತೋಷವಾಯಿತು. ಬಾಗಿಲು ಭಾರವಾಗಿದೆ, ಕಿರುಗುಟ್ಟುವುದಿಲ್ಲ. ಯಾರೋ ಕೂತು ಯೋಚಿಸಿ ಮಾಡಿದ ಕೆಲಸ. ನಿಯಮ ಬರೆಯುವುದೂ ಒಂದು ಕಸುಬು, ಅದರಲ್ಲೂ ಕುಸುರಿಯಿದೆ ಎಂದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಕೆಟ್ಟ ನಿಯಮ ಮಾತ್ರ ಕಣ್ಣಿಗೆ ಬೀಳುತ್ತದೆ, ಒಳ್ಳೆಯದು ಸದ್ದಿಲ್ಲದೆ ಕೆಲಸ ಮಾಡುತ್ತಿರುತ್ತದೆ. ಪದವಿ ವಿದ್ಯಾರ್ಥಿಯನ್ನು ಸ್ನಾತಕೋತ್ತರ ತರಗತಿಯೊಳಕ್ಕೆ ಬಿಟ್ಟುಕೊಳ್ಳುವ ನಿಯಮಗಳು ಈ ಎರಡನೆಯ ಜಾತಿಯವು. ಅವಳಿಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ಕಡೆ ಜೋಡಿಸುತ್ತೇನೆ.

ಸಂಖ್ಯೆ ಹೇಳುವ ಕಥೆ

ಮೊದಲು ಕೋರ್ಸಿನ ಸಂಖ್ಯೆ. ಹೊರಗಿನವರಿಗೆ ಅದು ಬಸ್ಸಿನ ನಂಬರಿನ ಹಾಗೆ. ಒಳಗಿನವರಿಗೆ ಅದರ ಮೊದಲ ಅಂಕಿಯೇ ಅರ್ಧ ನಿಯಮ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1ರಿಂದ 99ರವರೆಗಿನ ಸಂಖ್ಯೆಗಳು ಪದವಿಯ ಮೊದಲ ಘಟ್ಟಕ್ಕೆ, 100ರಿಂದ 199 ಮೇಲಿನ ಘಟ್ಟಕ್ಕೆ, 200ರಿಂದ ಮುಂದಕ್ಕೆ ಸ್ನಾತಕೋತ್ತರಕ್ಕೆ. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಸಾವಿರದ ಲೆಕ್ಕ. ಅಲ್ಲಿ 4000ದ ಸಾಲು ಮಜವಾದದ್ದು. ಅವು ಸ್ನಾತಕೋತ್ತರ ಕೋರ್ಸುಗಳೇ, ಆದರೆ ಮುಂದುವರಿದ ಪದವಿ ವಿದ್ಯಾರ್ಥಿಗಳಿಗೂ ತೆರೆದಿರುತ್ತವೆ. 6000ಕ್ಕೆ ಹೋದರೆ ಗಾಳಿಯೇ ಬೇರೆ. ಹಾರ್ವರ್ಡಿನ ಪಟ್ಟಿ ಬಹುಕಾಲ ಕೋರ್ಸುಗಳನ್ನು ಮೂರು ಗುಂಪಾಗಿ ವಿಂಗಡಿಸಿತ್ತು: ಮುಖ್ಯವಾಗಿ ಪದವಿಯವರಿಗೆ, ಇಬ್ಬರಿಗೂ, ಮುಖ್ಯವಾಗಿ ಸ್ನಾತಕೋತ್ತರದವರಿಗೆ. ಆ ‘ಮುಖ್ಯವಾಗಿ’ ಎಂಬ ಪದವನ್ನು ಗಮನಿಸಿ. ‘ಮಾತ್ರ’ ಎಂದು ಬರೆದಿದ್ದರೆ ಗೋಡೆ ಎದ್ದುಬಿಡುತ್ತಿತ್ತು. ‘ಮುಖ್ಯವಾಗಿ’ ಎಂದದ್ದರಿಂದ ಒಂದು ತೆರೆ ಇಳಿಬಿಟ್ಟ ಹಾಗಾಯಿತು. ಬೇಕಾದವರು ಸರಿಸಿಕೊಂಡು ಬರಬಹುದು.

ಈ ಏಣಿ ಮೊದಲಿನಿಂದಲೂ ಇದ್ದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅಮೆರಿಕದ ಕಾಲೇಜುಗಳಲ್ಲಿ ಎಲ್ಲರಿಗೂ ಒಂದೇ ಅಡುಗೆ, ಒಂದೇ ಪಂಕ್ತಿ. ಒಂದೇ ವರ್ಷದವರು ಒಂದೇ ಪಾಠ ಕೇಳುತ್ತಿದ್ದರು. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಐಚ್ಛಿಕ ವಿಷಯಗಳ ಪದ್ಧತಿಯನ್ನು ಬಲವಾಗಿ ಬೆಳೆಸಿದರು. 1876ರಲ್ಲಿ ಬಾಲ್ಟಿಮೋರಿನಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್, ಜರ್ಮನಿಯ ಮಾದರಿಯಲ್ಲಿ ಸಂಶೋಧನೆಗೂ ಸ್ನಾತಕೋತ್ತರ ಓದಿಗೂ ಮೊದಲ ಮಣೆ ಹಾಕಿತು. ಒಂದು ಕಡೆ ಬೇಕಾದ್ದನ್ನು ಆರಿಸಿಕೊಳ್ಳುವ ಹುಡುಗರು, ಇನ್ನೊಂದು ಕಡೆ ಮೇಲಿನ ಮಟ್ಟದ ತರಗತಿ. ಇವೆರಡೂ ಒಂದೇ ಅಂಗಳಕ್ಕೆ ಬಂದಮೇಲೆ ಯಾರು ಎಲ್ಲಿ ಕೂರಬಹುದು ಎಂಬ ಪ್ರಶ್ನೆ ಹುಟ್ಟಲೇಬೇಕಿತ್ತು.

ನಮ್ಮಲ್ಲೂ ಇಂಥ ಏಣಿ ಈಗ ಕಾಗದದ ಮೇಲಿದೆ. 2022ರ ಡಿಸೆಂಬರಿನಲ್ಲಿ ಯುಜಿಸಿ ಹೊರಡಿಸಿದ ಪದವಿ ಪಠ್ಯಕ್ರಮದ ಚೌಕಟ್ಟಿನಲ್ಲಿ 100ರ ಸಾಲು ಬುನಾದಿಗೆ, 200 ಮಧ್ಯಮ ಹಂತಕ್ಕೆ, 300 ಮೇಲಿನ ಹಂತಕ್ಕೆ, 400 ಮುಂದುವರಿದ ಹಂತಕ್ಕೆ. 500ರ ಸಾಲು ಎಂದರೆ ಎರಡು ವರ್ಷದ ಸ್ನಾತಕೋತ್ತರದ ಮೊದಲ ವರ್ಷ, 600 ಎಂದರೆ ಎರಡನೆಯ ವರ್ಷ, 700 ದಾಟಿದರೆ ಡಾಕ್ಟರೇಟ್. ಮೆಟ್ಟಿಲುಗಳಿಗೆ ನಂಬರು ಬಿದ್ದಿದೆ. ಹತ್ತುವ ಬಗೆಯನ್ನು ಒಂದೊಂದು ವಿಶ್ವವಿದ್ಯಾನಿಲಯವೂ ಕಲಿಯಬೇಕು.

ಒಳಗೆ ಏನು ಬೇರೆ?

“ಅದೂ ಪಾಠ, ಇದೂ ಪಾಠ. ಕೂತು ಕೇಳೋಕೆ ಏನು ಕಷ್ಟ?” ಎಂದು ಅವಳು ಕೇಳಿದಳು.

ಪದವಿ ತರಗತಿಯಲ್ಲಿ ಮೇಷ್ಟ್ರು ದಾರಿಯುದ್ದಕ್ಕೂ ಜೊತೆಗೆ ನಡೆಯುತ್ತಾರೆ. ಒಂದು ಪ್ರಮೇಯ ಹೇಳಿ, ಉದಾಹರಣೆ ಕೊಟ್ಟು, ಅದೇ ಜಾತಿಯ ನಾಲ್ಕು ಲೆಕ್ಕ ಮಾಡಿಸಿ, ಪರೀಕ್ಷೆಯಲ್ಲಿ ಐದನೆಯದನ್ನು ಕೇಳುತ್ತಾರೆ. ಸ್ನಾತಕೋತ್ತರ ತರಗತಿಯಲ್ಲಿ ಮೇಷ್ಟ್ರು ಬೆಟ್ಟ ತೋರಿಸಿ ಮುಂದೆ ಹೋಗಿಬಿಡುತ್ತಾರೆ. ಬೋರ್ಡಿನ ಮೇಲೆ ಸಾಧನೆಯ ಎಲುಬು ಮಾತ್ರ ಇರುತ್ತದೆ, ಮಾಂಸ ತುಂಬುವುದು ನಮ್ಮ ಕೆಲಸ. ವಾರಕ್ಕೆ ಐದು ಸಮಸ್ಯೆ ಕೊಟ್ಟರೆ ಐದೂ ಐದು ಜಾತಿಯವು. ಸುತ್ತ ಕೂತಿರುವವರು ಇದನ್ನೇ ಬದುಕಾಗಿ ಆರಿಸಿಕೊಂಡವರು. ಅವರ ಪ್ರಶ್ನೆಗಳ ಧಾಟಿಯೇ ಬೇರೆ. “ಇದು ಪರೀಕ್ಷೆಗೆ ಬರತ್ತಾ ಸಾರ್?” ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹೀಗೆ ಮೇಲಿನ ತರಗತಿಗೆ ನುಗ್ಗಿದವರ ಕಥೆಗಳಲ್ಲಿ ನನಗೆ ಇಷ್ಟವಾದದ್ದು ರಿಚರ್ಡ್ ಫೈನ್‌ಮನ್ ಅವರದು. 1930ರ ದಶಕದ ನಡುವೆ ಅವರು ಎಂ.ಐ.ಟಿ.ಯಲ್ಲಿ ಎರಡನೆಯ ವರ್ಷದ ಹುಡುಗ. ಸಹಪಾಠಿ ಟೆಡ್ ವೆಲ್ಟನ್ ಜೊತೆ ಸೇರಿ, ಕೊನೆಯ ವರ್ಷದವರಿಗೂ ಸ್ನಾತಕೋತ್ತರದವರಿಗೂ ಇದ್ದ ಸೈದ್ಧಾಂತಿಕ ಭೌತವಿಜ್ಞಾನದ ಕೋರ್ಸಿಗೆ ಹೋಗಿ ಕೂತರು. ದೊಡ್ಡವರ ಹಾಗೆ ಕಾಣೋಣವೆಂದರೆ ಆಗಲಿಲ್ಲ. ಮೊದಲೆರಡು ವರ್ಷದವರಿಗೆ ಕಡ್ಡಾಯವಾಗಿದ್ದ ಸೇನಾ ತರಬೇತಿಯ ಸಮವಸ್ತ್ರ ಮೈಮೇಲಿತ್ತು. ಆದರೂ ಅವರನ್ನು ಯಾರೂ ಎಬ್ಬಿಸಿ ಕಳಿಸಲಿಲ್ಲ. ಪಾಠ ಮಾಡುತ್ತಿದ್ದ ಜೂಲಿಯಸ್ ಸ್ಟ್ರ್ಯಾಟನ್, ಮುಂದೆ ಅದೇ ಸಂಸ್ಥೆಯ ಅಧ್ಯಕ್ಷರಾದವರು, ಬೋರ್ಡಿನ ಮೇಲೆ ತಾವೇ ತೊಡಕಿಕೊಂಡಾಗ ಈ ಹುಡುಗನ ಕಡೆ ತಿರುಗಿ “ನೀವು ಹೇಗೆ ಮಾಡಿದಿರಿ?” ಎಂಬಂತೆ ಕೇಳುತ್ತಿದ್ದರಂತೆ. 1965ರಲ್ಲಿ ಆ ಹುಡುಗನಿಗೆ ನೊಬೆಲ್ ಬಂತು.

ಈ ಕಥೆ ಕೇಳಿದರೆ ನಿಯಮವೇ ಬೇಡ, ಬಾಗಿಲು ಹಾರುಹೊಡೆದಿಡಿ ಅನ್ನಿಸುತ್ತದೆ. ನಿಯಮ ಬರೆಯುವವನ ಕಷ್ಟ ಶುರುವಾಗುವುದು ಅಲ್ಲೇ. ಅವನು ಫೈನ್‌ಮನ್‌ನನ್ನು ಹೊರಗೆ ನಿಲ್ಲಿಸಬಾರದು. ಹಾಗೆಂದು ಫೈನ್‌ಮನ್ ಅಲ್ಲದ ನಲವತ್ತು ಜನ ಆ ಹುರುಪಿನಲ್ಲಿ ಒಳಗೆ ಬಿದ್ದು ಕೈಕಾಲು ಮುರಿದುಕೊಳ್ಳಲೂ ಬಿಡಬಾರದು. ಎರಡೂ ಒಂದೇ ಸಾಲಿನಲ್ಲಿ ಆಗಬೇಕು.

ಸಹಿಯ ತೂಕ

ಆ ಸಾಲೇ ‘ಅಥವಾ’ ಇರುವ ಸಾಲು.

‘ಅಥವಾ’ಕ್ಕೆ ಮುಂಚಿನ ಭಾಗ ಎಲ್ಲರಿಗೂ ಗೊತ್ತಿರುವ ದಾರಿ: ಇಂಥಿಂಥ ಕೋರ್ಸು ಮುಗಿಸಿರಬೇಕು, ಸರಾಸರಿ ಇಷ್ಟಿರಬೇಕು. ಅಮೆರಿಕದಲ್ಲಿ ಹಲವು ಕಡೆ ಮೂರನೆಯ ಅಥವಾ ನಾಲ್ಕನೆಯ ವರ್ಷದವರಾಗಿರಬೇಕು, 4ಕ್ಕೆ 3ರಷ್ಟಾದರೂ ಸರಾಸರಿ ಇರಬೇಕು ಎಂಬಂಥ ಅಳತೆಗಳಿವೆ. ಇದು ಯಂತ್ರ ಮಾಡಬಹುದಾದ ಕೆಲಸ. ನೋಂದಣಿಯ ಕಂಪ್ಯೂಟರು ದಾಖಲೆ ನೋಡಿ ಹೌದು, ಇಲ್ಲ ಎನ್ನುತ್ತದೆ. ಮುಖ ನೋಡಿ ಮಣೆ ಹಾಕುವ ಪ್ರಶ್ನೆಯಿಲ್ಲ.

‘ಅಥವಾ’ದ ಆಚೆಯದು ಮನುಷ್ಯನಿಗೆ ಬಿಟ್ಟದ್ದು. ಒಬ್ಬಳು ಆ ಪೂರ್ವ ಕೋರ್ಸನ್ನು ಕಾಲೇಜಿನಲ್ಲಿ ಓದದೆ ಮನೆಯಲ್ಲೇ ಪುಸ್ತಕ ಹಿಡಿದು ಕಲಿತಿರಬಹುದು. ಇನ್ನೊಬ್ಬ ಬೇರೆ ದೇಶದಿಂದ ಬಂದಿದ್ದು, ಅವನ ಕೋರ್ಸಿನ ಹೆಸರು ಇಲ್ಲಿಯ ಪಟ್ಟಿಗೆ ಹೊಂದದೇ ಇರಬಹುದು. ಇವರನ್ನು ಅಳೆಯುವ ಕೋಲು ಕಂಪ್ಯೂಟರಿನ ಹತ್ತಿರ ಇಲ್ಲ, ಪಾಠ ಮಾಡುವವರ ಹತ್ತಿರ ಇದೆ. ಅದಕ್ಕೇ ಸಹಿ ವಿಭಾಗದ ಮುಖ್ಯಸ್ಥರದ್ದೋ ಡೀನರದ್ದೋ ಆಗಿದ್ದರೆ ಸಾಲದು, ಮೊದಲು ಬೋಧಕರದ್ದೇ ಬೇಕು. ವಾರವಾರವೂ ಆ ಹುಡುಗಿಯ ಉತ್ತರ ಪತ್ರಿಕೆ ತಿದ್ದುವವರು ಅವರು. ತಪ್ಪು ಮಾಡಿ ಸಹಿ ಹಾಕಿದರೆ ಅದರ ಫಲ ಉಣ್ಣುವವರೂ ಅವರೇ. ನಿರ್ಧಾರವನ್ನೂ ಅದರ ಹೊರೆಯನ್ನೂ ಒಂದೇ ಹೆಗಲ ಮೇಲಿಟ್ಟಿದ್ದಾರೆ. ಈ ಕಸುಬಿನಲ್ಲಿ ನಾನು ತಲೆದೂಗುವ ಮೊದಲ ಜಾಣ್ಮೆ ಇದು.

ಎರಡನೆಯ ಸಹಿ ಸಲಹೆಗಾರರದು. ಬೋಧಕರಿಗೆ ತಮ್ಮ ಒಂದು ಕೋರ್ಸು ಮಾತ್ರ ಕಾಣುತ್ತದೆ. ಆ ಸೆಮಿಸ್ಟರಿನಲ್ಲಿ ಅವಳು ಇನ್ನೇನೇನು ಹೊತ್ತಿದ್ದಾಳೆ, ಪದವಿಗೆ ಕಡ್ಡಾಯವಾದದ್ದು ಏನು ಬಾಕಿಯಿದೆ ಎಂದು ಪೂರ್ತಿ ತಟ್ಟೆ ನೋಡುವವರು ಸಲಹೆಗಾರರು. ಮೂರನೆಯದು ಕಚೇರಿಯ ಸಹಿ, ಲೆಕ್ಕಪತ್ರದ್ದು. ಮೂರು ಕಣ್ಣು, ಮೂರು ಬೇರೆ ಬೇರೆ ನೋಟ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

“ಹಂಗಾದ್ರೆ ಅವರಿಗೆ ಏನಂತ ಬರೀಲಿ?” ಎಂದಳು.

“ನಾನು ತುಂಬಾ ಆಸಕ್ತಿ ಇರೋಳು ಅಂತ ಬರೀಬೇಡ ಪುಟ್ಟಿ. ಆಸಕ್ತಿ ಇಲ್ದೆ ಯಾರೂ ಕೇಳಲ್ಲ. ಏನು ಓದಿದೀಯ, ಯಾವ ಪುಸ್ತಕ, ಎಷ್ಟನೇ ಅಧ್ಯಾಯದವರೆಗೆ, ಅದನ್ನ ಬರಿ. ಏನು ಗೊತ್ತಿಲ್ಲ ಅನ್ನೋದನ್ನೂ ಒಂದು ಸಾಲು ಬರಿ. ಹತ್ತು ನಿಮಿಷ ಮಾತಾಡೋಕೆ ಬರ್ಲಾ ಅಂತ ಕೇಳು. ಅಷ್ಟೇ.”

ಹೊರೆಯ ಲೆಕ್ಕ

ನಿಯಮದ ಮುಂದಿನ ಭಾಗ ತೂಕದ್ದು. ಒಂದು ಸೆಮಿಸ್ಟರಿನಲ್ಲಿ ಎಷ್ಟು ಸ್ನಾತಕೋತ್ತರ ಕೋರ್ಸು, ಒಟ್ಟು ಎಷ್ಟು ಕ್ರೆಡಿಟ್ ಎಂಬುದಕ್ಕೆ ಮಿತಿ. ಇದನ್ನು ಅರ್ಥಮಾಡಿಕೊಳ್ಳಲು ಎಂ.ಐ.ಟಿ.ಯವರು ಕೋರ್ಸಿನ ಮುಂದೆ ಬರೆಯುವ ಮೂರು ಅಂಕಿ ನೋಡಬೇಕು. 3-0-9 ಎಂದು ಬರೆದಿರುತ್ತಾರೆ. ವಾರಕ್ಕೆ 3 ಗಂಟೆ ಪಾಠ, ಪ್ರಯೋಗಾಲಯ ಇಲ್ಲ, 9 ಗಂಟೆ ಸ್ವಂತ ಓದು. ಮೂರೂ ಕೂಡಿಸಿದರೆ 12 ಯೂನಿಟ್. ತರಗತಿಯ ಮೂರು ಗಂಟೆ ಬರೀ ಹೊಸ್ತಿಲು, ಮನೆ ಇರುವುದು ಆಚೆಯ ಒಂಬತ್ತರಲ್ಲಿ ಎಂದು ಪಟ್ಟಿಯೇ ಮೊದಲ ದಿನ ಹೇಳಿಬಿಡುತ್ತದೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳೆಯ ಬೆಂಗಳೂರಿಗರ ಬಾಯಲ್ಲಿ ಇನ್ನೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಇದನ್ನೇ ಎರಡು ಅಂಕಿಯಲ್ಲಿ ಬರೆಯುತ್ತಾರೆ. 3:0 ಎಂದರೆ ಮೂರು ಕ್ರೆಡಿಟ್ಟಿನ ಪಾಠ. 3:1 ಎಂದರೆ ಅದರ ಜೊತೆಗೆ ಒಂದು ಕ್ರೆಡಿಟ್ಟಿನಷ್ಟು ಕೈಕೆಲಸ. ಗಣಕ ವಿಜ್ಞಾನದವರ ಅಲ್ಗಾರಿದಮ್ ಕೋರ್ಸು, ಇ0 225, ಇಂಥ 3:1ರದು. ಆ ಒಂದಂಕಿ ಎಷ್ಟು ರಾತ್ರಿಗಳನ್ನು ನುಂಗುತ್ತದೆ ಎಂದು ತಿಳಿಯಬೇಕಾದರೆ ಅಲ್ಲಿಯ ಹಾಸ್ಟೆಲಿನವರನ್ನು ಕೇಳಬೇಕು.

ಸ್ನಾತಕೋತ್ತರ ಕೋರ್ಸಿನ ವಿಚಿತ್ರವೆಂದರೆ ಬರೆದ ಅಂಕಿಗಿಂತ ಅದು ಭಾರ. ಪಿಜಿಯವರು ಸೆಮಿಸ್ಟರಿಗೆ ಮೂರು ಕೋರ್ಸು ತೆಗೆದುಕೊಂಡರೆ ಅಮೆರಿಕದಲ್ಲಿ ಸಾಮಾನ್ಯವಾಗಿ ಅದೇ ಪೂರ್ತಿ ಹೊರೆ. ಪದವಿಯವರು ನಾಲ್ಕೈದು ಹೊರುತ್ತಾರೆ. ನಾಲ್ಕು ಪದವಿ ಕೋರ್ಸಿನ ಮೇಲೆ ಇದನ್ನೂ ಹೇರಿದರೆ ಲೆಕ್ಕದಲ್ಲಿ ಹದಿನೈದೋ ಹದಿನಾರೋ ಕ್ರೆಡಿಟ್, ಬೆನ್ನಿನ ಮೇಲೆ ಇಪ್ಪತ್ತು. ಮೇಲಿನ ಮಿತಿ ಇರುವುದು ಈ ಮರೆಮಾಚಿದ ತೂಕಕ್ಕಾಗಿ.

ಇನ್ನೊಂದು ಮಿತಿ ಕೆಳಗಿನದು. ಅದು ನಮ್ಮ ಮಕ್ಕಳಿಗೆ ಮುಖ್ಯ. ವಿದ್ಯಾರ್ಥಿ ವೀಸಾದ ಮೇಲೆ ಅಮೆರಿಕದಲ್ಲಿ ಪದವಿ ಓದುವವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಉಳಿಸಿಕೊಂಡಿರಬೇಕು. ಅವಳು ಕಷ್ಟದ ಕೋರ್ಸಿಗೆಂದು ಉಳಿದದ್ದನ್ನು ಕಡಿಮೆ ಮಾಡಿಕೊಂಡು, ಆಮೇಲೆ ಆ ಕಷ್ಟದ್ದನ್ನೇ ನಡುವೆ ಕೈಬಿಟ್ಟರೆ, 12ರ ಕೆಳಗೆ ಜಾರುತ್ತಾಳೆ. ಆಗ ಗಣಿತದ ತೊಂದರೆ ವೀಸಾದ ತೊಂದರೆಯಾಗುತ್ತದೆ. “ಕೈಬಿಡೋ ಕೊನೇ ತಾರೀಖು ಎಷ್ಟು ಅಂತ ಮೊದಲು ನೋಡು, ಸೇರೋ ತಾರೀಖು ಆಮೇಲೆ” ಎಂದೆ. ಸೇರಿದ ಕೋರ್ಸನ್ನು ದಾಖಲೆಯ ಮೇಲೆ ಕಲೆ ಉಳಿಯದಂತೆ ಬಿಟ್ಟುಬಿಡಲು ಮೊದಲ ಕೆಲವು ವಾರ ಅವಕಾಶ ಕೊಡುವುದೂ ಈ ಕಸುಬಿನ ಒಂದು ಸೊಗಸು. ಬಾಗಿಲಿಗೆ ಒಳಗಿನಿಂದಲೂ ಹಿಡಿ ಇಟ್ಟಿದ್ದಾರೆ.

ಒಂದೇ ಅಕ್ಷರ, ಎರಡು ಅರ್ಥ

ಅಂಕದ ವಿಷಯ ಇದಕ್ಕಿಂತ ಸೂಕ್ಷ್ಮ. ಪದವಿ ತರಗತಿಯಲ್ಲಿ ‘ಸಿ’ ಬಂದರೆ ಮನೆಯಲ್ಲಿ ಮುಖ ಸಣ್ಣದಾಗುತ್ತದೆ, ಆದರೆ ಪಾಸು. ಸ್ನಾತಕೋತ್ತರದವರು ಸಾಮಾನ್ಯವಾಗಿ ‘ಬಿ’ ಸರಾಸರಿ ಕಾಪಾಡಿಕೊಂಡಿರಬೇಕಾಗುತ್ತದೆ. ಹೀಗಾಗಿ ಅಲ್ಲಿ ‘ಸಿ’ ಎಂದರೆ “ನಿನಗೆ ಇದು ಆಗಲಿಲ್ಲ” ಎಂದು ನಯವಾಗಿ ಹೇಳಿದ ಹಾಗೆ. ಒಂದೇ ಕೋಣೆ, ಒಂದೇ ಪರೀಕ್ಷೆ, ಒಂದೇ ಅಕ್ಷರ. ಪಕ್ಕಪಕ್ಕ ಕೂತ ಇಬ್ಬರಿಗೆ ಎರಡು ಅರ್ಥ.

ಇದನ್ನು ಹೇಗೆ ಹೊಂದಿಸುವುದು? ಇಲಿನಾಯ್ ವಿಶ್ವವಿದ್ಯಾನಿಲಯದ ಅರ್ಬಾನಾ–ಶಾಂಪೇನ್ ಆವರಣದಲ್ಲಿ 400ರ ಸಾಲಿನ ಎಷ್ಟೋ ಕೋರ್ಸುಗಳಿಗೆ ಒಂದು ಚಂದದ ಉಪಾಯವಿದೆ. ಅದೇ ಪಾಠಕ್ಕೆ ಪದವಿಯವರಿಗೆ 3 ಕ್ರೆಡಿಟ್, ಸ್ನಾತಕೋತ್ತರದವರಿಗೆ 3 ಅಥವಾ 4. ಆ ನಾಲ್ಕನೆಯದು ಬೇಕಾದವರು ಹೆಚ್ಚಿನ ಕೆಲಸ ಮಾಡಬೇಕು, ಒಂದು ಪ್ರಾಜೆಕ್ಟೋ ಪ್ರಬಂಧವೋ. ಬೇರೆ ಕೆಲವು ಕಡೆ ಒಂದೇ ತರಗತಿಗೆ ಎರಡು ಸಂಖ್ಯೆ ಕೊಡುತ್ತಾರೆ, ಪದವಿಯವರು ಒಂದರಡಿ, ಸ್ನಾತಕೋತ್ತರದವರು ಇನ್ನೊಂದರಡಿ ನೋಂದಾಯಿಸುತ್ತಾರೆ. ಒಂದೇ ಒಲೆಯ ಮೇಲೆ ಎರಡು ಪಾತ್ರೆ. ಉರಿ ಅದೇ, ಬೇಯುವ ಹದ ಬೇರೆ.

ಆದರೆ ನನ್ನ ಅಕ್ಕನ ಮಗಳು ಕೇಳುತ್ತಿರುವುದು ಅಂಥ ನಡುಮನೆಯ ಕೋರ್ಸಲ್ಲ, ನೇರ ಒಳಮನೆಯದು. ಅಲ್ಲಿ ಅವಳಿಗೆಂದು ಬೇರೆ ಹದ ಇಲ್ಲ. ಪ್ರಶ್ನೆಪತ್ರಿಕೆ ಒಂದೇ, ತಿದ್ದುವ ಕೈ ಒಂದೇ. ಇದನ್ನು ಕೆಲವರು ನಿರ್ದಯ ಎನ್ನಬಹುದು. ನನಗೆ ಇದು ಮರ್ಯಾದೆ ಅನ್ನಿಸುತ್ತದೆ. ಚಿಕ್ಕವಳು ಎಂದು ರಿಯಾಯಿತಿ ಕೊಟ್ಟರೆ ಅವಳು ಆ ತರಗತಿಯಲ್ಲಿ ಅತಿಥಿಯಾಗಿ ಉಳಿಯುತ್ತಾಳೆ. ಕೊಡದಿದ್ದರೆ ಆ ತರಗತಿಯವಳೇ ಆಗುತ್ತಾಳೆ.

ಒಂದು ತೆಂಗಿನಕಾಯಿ, ಎರಡು ದೇವರು

ಇನ್ನು ಆ ಎರಡು ಪುಟ್ಟ ಚೌಕಗಳು. ಅವಳಿಗೆ ಬೇಸರ ತಂದದ್ದೂ ಅವೇ.

“ಎರಡಕ್ಕೂ ಟಿಕ್ ಮಾಡಿದ್ರೆ ಏನಾಗತ್ತೆ? ಓದೋದು ಒಂದ್ಸಲ, ಈ ಡಿಗ್ರಿಗೂ ಬರ್ಲಿ, ಮುಂದೆ ಎಂ.ಎಸ್. ಮಾಡಿದ್ರೆ ಅದಕ್ಕೂ ಬರ್ಲಿ.”

ಒಂದೇ ತೆಂಗಿನಕಾಯಿಯನ್ನು ಎರಡು ಗುಡಿಯಲ್ಲಿ ಒಡೆಸುವ ಆಸೆ! ಎಲ್ಲ ವಿದ್ಯಾರ್ಥಿಗಳಿಗೂ ಇರುವಂಥದ್ದೇ. ನಿಯಮ ಮಾಡುವವರು ಇಲ್ಲಿ ಬಿಗಿಯಾಗಿ ನಿಲ್ಲುತ್ತಾರೆ. ಸ್ಟ್ಯಾನ್‌ಫರ್ಡಿನಲ್ಲಿ ಪದವಿ ಓದುತ್ತಿರುವಾಗಲೇ ಸ್ನಾತಕೋತ್ತರವನ್ನೂ ಹಿಡಿಯಬಹುದಾದ ಒಂದು ವ್ಯವಸ್ಥೆ ಬಹುಕಾಲದಿಂದ ಇದೆ. ಅಲ್ಲಿಯವರು ಅದನ್ನು ‘ಕೋಟರ್ಮ್’ ಎನ್ನುತ್ತಾರೆ. ಪದವಿಗೆ ಕನಿಷ್ಠ 180 ಯೂನಿಟ್, ಸ್ನಾತಕೋತ್ತರಕ್ಕೆ ಕನಿಷ್ಠ 45. ಎರಡೂ ಬೇಕಾದವರು 225 ಮುಗಿಸಲೇಬೇಕು. ಒಂದು ಯೂನಿಟ್ಟನ್ನೂ ಎರಡು ಕಡೆ ಲೆಕ್ಕ ಹಾಕುವಂತಿಲ್ಲ. ಕಾಲವನ್ನು ಒಂದರ ಮೇಲೊಂದು ಹೊದಿಸಬಹುದು, ಕೆಲಸವನ್ನು ಹಾಗೆ ಹೊದಿಸುವಂತಿಲ್ಲ ಎನ್ನುವುದು ಅದರ ತತ್ತ್ವ. ಬೇರೆ ಹಲವು ವಿಶ್ವವಿದ್ಯಾನಿಲಯಗಳು ನಾಲ್ಕರ ಮೇಲೊಂದು ಎಂಬ ಐದು ವರ್ಷದ ಜೋಡಿ ಪದವಿಗಳಲ್ಲಿ ಕೆಲವೇ ಕೋರ್ಸುಗಳನ್ನು ಎರಡೂ ಕಡೆ ಎಣಿಸಲು ಬಿಡುತ್ತವೆ. ಯಾರು ಎಷ್ಟು ಸಡಿಲ ಎಂಬುದು ಬೇರೆ ಬೇರೆ. ಎಷ್ಟು ಎಂದು ಮೊದಲೇ, ಕಾಗದದ ಮೇಲೆ, ಚೌಕ ಹಾಕಿ ಕೇಳುವುದು ಮಾತ್ರ ಎಲ್ಲ ಕಡೆ ಒಳ್ಳೆಯ ಪದ್ಧತಿ. ಆಮೇಲಿನ ಜಗಳಕ್ಕೆ ಆಸ್ಪದ ಇಲ್ಲ.

ಇದರಲ್ಲಿ ಕಾಣದ ಒಬ್ಬರ ಹಿತವೂ ಇದೆ. ಎಲ್ಲೋ ದೂರದ ಊರಿನಲ್ಲಿ ಅದೇ ಪದವಿಯನ್ನು ಪೂರ್ತಿ ಓದಿ ಪಡೆದ ಇನ್ನೊಬ್ಬಳು ಇದ್ದಾಳೆ. ಇವಳ ಅರ್ಧ ಎರಡು ಸಲ ಎಣಿಕೆಯಾದರೆ ಅವಳ ಪೂರ್ತಿಯ ಬೆಲೆ ಇಳಿಯುತ್ತದೆ. ಆ ಚೌಕ ಕಾಯುತ್ತಿರುವುದು ಅವಳನ್ನು.

ನಮ್ಮ ಅಂಗಳದಲ್ಲಿ

ಈ ಕುಸುರಿ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ಯಶವಂತಪುರದ ಕಡೆ ಹೋದರೆ ಸಾಕು. 1909ರಲ್ಲಿ ಹುಟ್ಟಿದ ಟಾಟಾ ಇನ್‌ಸ್ಟಿಟ್ಯೂಟು ನೂರು ವರ್ಷ ಸಂಶೋಧನೆಯ ಮನೆಯಾಗಿತ್ತು. ಪಿಯುಸಿ ಮುಗಿಸಿದ ಮಕ್ಕಳಿಗೆ ಅಲ್ಲಿ ಕೆಲಸವಿರಲಿಲ್ಲ. 2011ರಲ್ಲಿ ನಾಲ್ಕು ವರ್ಷದ ಪದವಿ ಶುರುಮಾಡಿದಾಗ ಅವರು ಮಕ್ಕಳಿಗೆಂದು ಬೇರೆ ಕಾಂಪೌಂಡು ಕಟ್ಟಲಿಲ್ಲ. ಮೊದಲಿಗೆ ಎಲ್ಲರಿಗೂ ಗಣಿತ, ಭೌತ, ರಸಾಯನ, ಜೀವವಿಜ್ಞಾನದ ಬುನಾದಿ. ಆ ಕೋರ್ಸುಗಳ ಸಂಖ್ಯೆ 100ರ ಸಾಲಿನಲ್ಲಿರುತ್ತದೆ. ಆಮೇಲೆ ಮುಖ್ಯ ವಿಷಯ ಹಿಡಿದವರು 200ರ ಸಾಲಿಗೆ ಬರುತ್ತಾರೆ. ಗಣಿತ ಹಿಡಿದವರಾದರೆ ಲೀನಿಯರ್ ಆಲ್ಜೀಬ್ರಾದ ಎಂಎ 219, ಅನಾಲಿಸಿಸ್‌ನ ಎಂಎ 221, ಅದರ ಮುಂದಿನ ಎಂಎ 222. ಇವು ಪಿಎಚ್.ಡಿ. ದಾರಿಯಲ್ಲಿರುವವರೂ ಕೂತು ಕೇಳುವ ಕೋರ್ಸುಗಳೇ. ಹತ್ತೊಂಬತ್ತು ವರ್ಷದ ಹುಡುಗ, ಪಕ್ಕದಲ್ಲಿ ಎಂಎಸ್ಸಿ ಮುಗಿಸಿ ಬಂದ ಇಪ್ಪತ್ತಮೂರರವಳು, ಎದುರಿಗೆ ಒಂದೇ ಕರಿಹಲಗೆ. ಪದವಿಯ ವಿನ್ಯಾಸದಲ್ಲೇ ಬಾಗಿಲು ಕೂರಿಸಿಬಿಟ್ಟರೆ ಪ್ರತಿಸಲ ಫಾರಂ ಹಿಡಿದು ಓಡುವ ಅಗತ್ಯವೂ ಕಡಿಮೆ.

ನಮ್ಮ ರಾಜ್ಯದ ಉಳಿದ ಕಾಲೇಜುಗಳ ಕಥೆ ಬೇರೆ. ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಕರ್ನಾಟಕಕ್ಕೆ 2021-22ರಲ್ಲಿ ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಯಾವುದು ಸರಿ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಮೂರಾಗಲಿ ನಾಲ್ಕಾಗಲಿ, ಕೊನೆಯ ವರ್ಷದ ಹುಡುಗಿಗೆ ಮೇಲಿನ ತರಗತಿಯ ಒಂದು ಕೋರ್ಸು ಓದಬೇಕೆನಿಸಿದರೆ ಅದಕ್ಕೊಂದು ಸಾಲು ನಿಯಮ, ಒಂದು ಸಹಿಯ ಜಾಗ ಇರಬೇಕು. ಅದು ವರ್ಷಗಳ ಸಂಖ್ಯೆಯನ್ನು ಅವಲಂಬಿಸಿಲ್ಲ.

ಇಲ್ಲದಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತು. ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದಾಗ ವಿಶ್ವವಿದ್ಯಾನಿಲಯದ ಎಂಎಸ್ಸಿ ತರಗತಿಯ ಹಿಂದಿನ ಬೆಂಚಿನಲ್ಲಿ ಕದ್ದು ಕೂರುತ್ತಿದ್ದೆ. ಮೂರನೆಯ ದಿನ ಮೇಷ್ಟ್ರು ಗುರುತಿಸಿದರು. ಎದ್ದು ನಿಂತೆ. ಅವರು ಹಾಜರಿ ಪುಸ್ತಕ ಮುಚ್ಚಿ, “ಕೂತ್ಕೊಳಪ್ಪ. ನಿನ್ನ ಹೆಸರು ಇದರಲ್ಲಿ ಇಲ್ಲ, ಬರೆಯೋಕೂ ಬರಲ್ಲ. ಕೇಳೋಕೆ ಏನೂ ತೊಂದರೆ ಇಲ್ಲ” ಎಂದರು. ವರ್ಷ ಪೂರ್ತಿ ಕೇಳಿದೆ. ಬರೆದ ಟಿಪ್ಪಣಿ ಈಗಲೂ ಅಟ್ಟದ ಮೇಲಿದೆ. ಆದರೆ ಲೆಕ್ಕ ಮಾಡಿ ತೋರಿಸಲಿಲ್ಲ, ಯಾರೂ ತಿದ್ದಲಿಲ್ಲ, ಪರೀಕ್ಷೆ ಬರೆಯಲಿಲ್ಲ. ಮರುವರ್ಷ ಅದೇ ಪಾಠಕ್ಕೆ ನಿಯಮದಂತೆ ಸೇರಿದಾಗ ಗೊತ್ತಾಯಿತು, ಕೇಳಿದ್ದರಲ್ಲಿ ಮುಕ್ಕಾಲು ನನ್ನದಾಗಿರಲಿಲ್ಲ. ಮೇಷ್ಟ್ರ ದೊಡ್ಡ ಮನಸ್ಸಿಗೆ ಅಂದು ಕೈಮುಗಿದಿದ್ದೆ, ಇಂದೂ ಮುಗಿಯುತ್ತೇನೆ. ಅವರ ಕೈಯಲ್ಲಿ ಒಂದು ‘ಅಥವಾ’ ಇದ್ದಿದ್ದರೆ ಪುಸ್ತಕ ಮುಚ್ಚಬೇಕಾಗಿರಲಿಲ್ಲ, ತೆರೆದು ಹೆಸರು ಬರೆಯಬಹುದಿತ್ತು.

ನಾಲ್ಕನೆಯ ಲೆಕ್ಕ

ಎರಡು ವಾರ ಬಿಟ್ಟು ಮತ್ತೆ ಫೋನು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ.

ಮೇಷ್ಟ್ರು ಬರಹೇಳಿದ್ದರಂತೆ. ಸರಾಸರಿ ಎಷ್ಟು ಎಂದು ಕೇಳಲೇ ಇಲ್ಲ. ಐದು ಲೆಕ್ಕ ಇದ್ದ ಒಂದು ಹಾಳೆ ಕೊಟ್ಟು, “ಶುಕ್ರವಾರ ಬಾ, ಆದಷ್ಟು ಮಾಡಿಕೊಂಡು ಬಾ” ಎಂದರಂತೆ. ಮೂರು ಮಾಡಿದಳು. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಐದನೆಯದು ಮುಟ್ಟಲೇ ಇಲ್ಲ. ಶುಕ್ರವಾರ ಹೋದಾಗ ಅವರು ಮಾಡಿದ ಮೂರನ್ನು ಹಾಗೇ ಸರಿಸಿಟ್ಟು, ನಾಲ್ಕನೆಯದನ್ನು ಮುಂದೆ ಎಳೆದುಕೊಂಡರು.

“ಇಲ್ಲಿ ಯಾಕೆ ನಿಂತೆ?”

“ಲಿಮಿಟ್ಟನ್ನ ಇಂಟಿಗ್ರಲ್ ಒಳಗೆ ತಗೊಂಡು ಹೋದ್ರೆ ಉತ್ತರ ಬರತ್ತೆ. ಆದ್ರೆ ಹಂಗೆ ತಗೊಂಡು ಹೋಗ್ಬಹುದು ಅಂತ ನನಗೆ ತೋರ್ಸೋಕೆ ಆಗ್ಲಿಲ್ಲ. ಅದಕ್ಕೇ ಬಿಟ್ಟೆ.”

ಗಣಿತ ಓದದವರಿಗೆ ಒಂದು ಮಾತು. ಎರಡು ಕ್ರಿಯೆಗಳ ಸರದಿಯನ್ನು ಅದಲುಬದಲು ಮಾಡಿದರೆ ಉತ್ತರ ಬದಲಾಗುತ್ತದೆಯೇ ಇಲ್ಲವೇ ಎಂಬುದು ಅವಳು ಹೇಳಿದ ಪ್ರಶ್ನೆ. ಮೊದಲು ಕಾಲುಚೀಲ, ಆಮೇಲೆ ಬೂಟು ಎಂಬ ಹಾಗೆ. ಪದವಿಯ ಹುಡುಗರು ಹೆಚ್ಚಿನ ಸಲ ಅದಲುಬದಲು ಮಾಡಿ ಉತ್ತರ ಬಂತೆಂದು ಮುಂದೆ ಹೋಗಿಬಿಡುತ್ತಾರೆ. ಅದು ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲುವುದಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳುವುದೇ ಮೆಷರ್ ಥಿಯರಿಯ ದೊಡ್ಡ ಕೆಲಸಗಳಲ್ಲಿ ಒಂದು. ಅಂದರೆ ಆ ಕೋರ್ಸು ಎಲ್ಲಿ ಶುರುವಾಗುತ್ತದೋ ಸರಿಯಾಗಿ ಅಲ್ಲಿಗೆ ಬಂದು ಇವಳು ನಿಂತಿದ್ದಳು.

“ಆಮೇಲೆ?” ಎಂದೆ.

“ಏನೂ ಹೇಳ್ಲಿಲ್ಲ ಮಾಮ. ಫಾರಂ ತಗೊಂಡು ಸಹಿ ಹಾಕಿದ್ರು. ಐದನೇದು ನವೆಂಬರ್ ಹೊತ್ತಿಗೆ ಮಾಡ್ತೀಯ ಅಂದ್ರು.”

ಕ್ಯಾಲೆಂಡರಿನಲ್ಲಿ ಕೋರ್ಸು ಬಿಡುವ ಕೊನೆಯ ತಾರೀಖಿಗೆ ಕೆಂಪು ಸುತ್ತು ಹಾಕಿಟ್ಟಿದ್ದಾಳಂತೆ. ಐದನೆಯ ಲೆಕ್ಕದ ಹಾಳೆಯನ್ನೂ ಅದರ ಪಕ್ಕದಲ್ಲೇ ಗೋಡೆಗೆ ಅಂಟಿಸಿದ್ದಾಳೆ.